ಮೂರು ಸಲ ಟ್ಯಾಂಕ್ ಖಾಲಿ ಮಾಡಿಸಿದ ಮೇಲೆ ಸಿಕ್ಕ ರಿಪೇರಿಯವರು: 5ಕ್ಕೆ 4

ಮೊದಲೇ ಹೇಳಿಬಿಡುತ್ತೇನೆ. ಇದು ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಲಾರಿಯವರ ಬಗ್ಗೆ ಅಲ್ಲ. ಅವರ ಸಹವಾಸ ಆರು ತಿಂಗಳಲ್ಲಿ ಮೂರು ಸಲ ಆಗಿ ಸಾಕಾಗಿ ಹೋಗಿದೆ. ಇದು ಅವರ ನಂತರ ಬಂದ ರಿಪೇರಿಯವರ ಬಗ್ಗೆ. ಇಬ್ಬರೇ ಇರುವ ಸಣ್ಣ ಸರ್ವಿಸ್. ಒಬ್ಬರು ವಯಸ್ಸಾದವರು, ಜೊತೆಗೆ ಕೆಲಸ ಕಲಿಯುತ್ತಿರುವ ಒಬ್ಬ ಹುಡುಗ. ಹೆಸರು ಹಾಕುವುದಿಲ್ಲ, ಹೊಗಳುವುದರ ಜೊತೆ ಬೈಯುವುದೂ ಇದೆ. ಆದರೆ ಈ ಕೆಲಸಕ್ಕೆ ನೀವು ಯಾರನ್ನೇ ಕರೆಸಿ, ಅವರು ಏನೇನು ನೋಡಬೇಕು, ಏನು ನೋಡದೇ ದುಡ್ಡು ತಗೊಂಡು ಹೊರಟರೆ ಅನುಮಾನ ಪಡಬೇಕು ಅನ್ನುವುದು ಗೊತ್ತಿದ್ದರೆ ಒಳ್ಳೆಯದು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಊಟ ಮಾಡುತ್ತಾ ಓದಬೇಡಿ.

ಶುರುವಾಗಿದ್ದು ಶಬ್ದದಿಂದ. ವಾಷಿಂಗ್ ಮಷಿನ್ ನೀರು ಬಿಟ್ಟಾಗಲೆಲ್ಲ ಬಚ್ಚಲಿನ ಜಾಲರಿಯಲ್ಲಿ ಗುಳುಗುಳು ಅನ್ನುತ್ತಿತ್ತು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಕಮೋಡ್ ಫ್ಲಶ್ ಮಾಡಿದರೆ ನೀರು ಮೇಲೇರಿ, ಒಂದು ನಿಮಿಷ ಯೋಚನೆ ಮಾಡಿ, ನಿಧಾನಕ್ಕೆ ಇಳಿಯತೊಡಗಿತು. ಆ ಒಂದು ನಿಮಿಷ ಉಸಿರು ಬಿಗಿಹಿಡಿದು ನಿಲ್ಲುವುದಿದೆಯಲ್ಲ, ಅನುಭವಿಸಿದವರಿಗೇ ಗೊತ್ತು. ಮನೆ ಹಿಂದೆ ಹುಲ್ಲೆಲ್ಲ ಒಣಗಿದ್ದಾಗ ಒಂದು ಪಟ್ಟಿ ಮಾತ್ರ ಕಡುಹಸಿರಾಗಿ, ಸೊಂಪಾಗಿ ಬೆಳೆದಿತ್ತು. ಅಮ್ಮ ಅದನ್ನು ನೋಡಿ "ನೀರೇ ಹಾಕದೆ ಎಷ್ಟು ಚೆನ್ನಾಗಿ ಬಂದಿದೆ ನೋಡು" ಅಂತ ಖುಷಿಪಟ್ಟರು. ನೀರು ನಾವೇ ಹಾಕುತ್ತಿದ್ದೆವು, ದಿನಾ, ಕಮೋಡಿನಿಂದ. ಸಂಜೆ ಗಾಳಿ ನಿಂತಾಗ ಆ ಕಡೆಯಿಂದ ಕೊಳೆತ ಮೊಟ್ಟೆ ವಾಸನೆ. ಕೊನೆಗೆ ಒಂದು ಭಾನುವಾರ, ಬಟ್ಟೆ ಒಗೆಯುವ ಹೊತ್ತಿಗೆ, ಬಚ್ಚಲಿನ ತುಂಬಾ ಬೂದುಬಣ್ಣದ ನೀರು ಬಂದು ನಿಂತಿತು.

ಮೊದಲು ಕರೆಸಿದ ಕಂಪನಿಯವರು ಬಂದರು, ಮುಚ್ಚಳ ತೆಗೆದರು, ಪೈಪ್ ಇಳಿಸಿ ಎಳೆದುಕೊಂಡು ನಲವತ್ತು ನಿಮಿಷದಲ್ಲಿ ಹೊರಟರು. ಎಲ್ಲ ಸರಿಹೋಯಿತು. ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ಮತ್ತೆ ಗುಳುಗುಳು. ಬಟ್ಟೆಯನ್ನು ನೆಂಟರ ಮನೆಗೆ ಹೊತ್ತುಕೊಂಡು ಹೋಗಿ ಒಗೆಯುತ್ತಾ ಹೇಗೋ ಎರಡು ತಿಂಗಳು ತಳ್ಳಿದೆವು, ತಡೆಯಲಾಗದೆ ಮತ್ತೆ ಕರೆಸಿದೆವು, ಮತ್ತೆ ಹತ್ತು ದಿನ ಸುಖ. ಮೂರನೇ ಸಲ ಒಂದು ಪುಡಿಯ ಪೊಟ್ಟಣ ಕೈಗಿತ್ತು "ಇದರಲ್ಲಿ ಬ್ಯಾಕ್ಟೀರಿಯಾ ಇದೆ ಸಾರ್, ತಿಂಗಳಿಗೊಂದು ಹಾಕಿ" ಅಂದರು. ಅದೂ ಕೆಲಸ ಮಾಡದಿದ್ದಾಗ ಫೋನಿನಲ್ಲೇ ತೀರ್ಪು ಬಂತು: ನಿಮ್ಮ ಡ್ರೈನ್ ಫೀಲ್ಡ್ (ಟ್ಯಾಂಕಿನಿಂದ ಹೊರಬಂದ ನೀರು ಇಂಗುವ ಜಾಗ) ಸತ್ತಿದೆ, ಪೂರ್ತಿ ಅಗೆದು ಹೊಸದು ಮಾಡಬೇಕು. ಒಂದು ಗುದ್ದಲಿ ಏಟೂ ಹಾಕದೆ ಹೇಗೆ ಗೊತ್ತಾಯಿತು ಅಂತ ಕೇಳಿದೆ. "ಅನುಭವ ಸಾರ್" ಅಂದರು.

ಆ ರಾತ್ರಿ ಸುಮ್ನೆ ಕೂತು ಲೆಕ್ಕ ಹಾಕಿದೆ. ಇದನ್ನು ಮೊದಲೇ ಮಾಡಬೇಕಿತ್ತು. ನಮ್ಮ ಟ್ಯಾಂಕ್ 4,000 ಲೀಟರಿನದು. ಮನೆಯಲ್ಲಿ ಐದು ಜನ, ದಿನಕ್ಕೆ ಹತ್ತಿರ ಹತ್ತಿರ 550 ಲೀಟರ್ ನೀರು ಬಳಸುತ್ತೇವೆ. ಅಂದರೆ ಖಾಲಿ ಟ್ಯಾಂಕ್ ತುಂಬುವುದಕ್ಕೇ ಏಳು ದಿನ ಬೇಕು. ಆ ಏಳು ದಿನ ಹೊರಗೆ ಒಂದು ತೊಟ್ಟು ನೀರೂ ಹೋಗಬೇಕಾಗಿಲ್ಲ, ಮುಂದೆ ಏನೇ ಕೆಟ್ಟಿದ್ದರೂ ಗೊತ್ತಾಗುವುದಿಲ್ಲ. ಎಂಟನೇ ದಿನ ನೀರು ಹೊರಗಿನ ಪೈಪಿನ ಬಾಯಿ ಮುಟ್ಟುತ್ತದೆ, ಅಲ್ಲಿಂದ ನಮ್ಮ ಕಷ್ಟ ಶುರು. ಅಷ್ಟು ದಿನ ನೀರಿಲ್ಲದೆ ಸ್ವಲ್ಪ ಒಣಗಿರುವ ನೆಲ ಒಂದೆರಡು ದಿನ ಜಾಸ್ತಿ ಕುಡಿಯುತ್ತದೆ, ಅಷ್ಟೇ. ನಾನು ಮೂರು ಸಲ ದುಡ್ಡು ಕೊಟ್ಟು ತಗೊಂಡಿದ್ದು ರಿಪೇರಿ ಅಲ್ಲ, ಒಂದು ವಾರದ ಜಾಗ.

ಸೆಪ್ಟಿಕ್ ಟ್ಯಾಂಕ್ ತುಂಬಿದೆ ಅಂತ ನಾವೆಲ್ಲ ಹೇಳುತ್ತೇವಲ್ಲ, ಆ ಮಾತೇ ತಪ್ಪು. ಅದು ಯಾವಾಗಲೂ ತುಂಬಿಯೇ ಇರಬೇಕು. ಮನೆಯಿಂದ ಎಷ್ಟು ನೀರು ಒಳಗೆ ಬಂತೋ ಅಷ್ಟೇ ನೀರು ಆ ಕಡೆಯಿಂದ ಹೊರಗೆ ಹೋಗುತ್ತದೆ. ಹೂಳು ತಳಕ್ಕೆ, ಜಿಡ್ಡು ಮೇಲಕ್ಕೆ, ನಡುವೆ ಇರುವ ತಿಳಿಯಾದ ನೀರು ಮಾತ್ರ ತೂತಿನ ಪೈಪುಗಳ ಮೂಲಕ ಜಲ್ಲಿ ತುಂಬಿದ ಕಾಲುವೆಗಳಿಗೆ ಹೋಗಿ ಮಣ್ಣಿನಲ್ಲಿ ಇಂಗುತ್ತದೆ. ಆ ಕಾಲುವೆಗಳ ಜಾಗವೇ ಡ್ರೈನ್ ಫೀಲ್ಡ್. ನಿಜವಾಗಿ ನೀರನ್ನು ಶುದ್ಧ ಮಾಡುವುದು ಟ್ಯಾಂಕ್ ಅಲ್ಲ, ಆ ಮಣ್ಣು. ಟ್ಯಾಂಕ್ ಬರೀ ಬೇರ್ಪಡಿಸಿ ಕೊಡುವ ಆಳು.

ಇನ್ನು ಈ ರಿಪೇರಿಯವರು. ಫೋನ್ ಮಾಡಿದಾಗ ಹಿರಿಯರು ಹೇಳಿದ ಮೊದಲ ಮಾತೇ ನನಗೆ ಹಿಡಿಸಿತು. "ನಾವು ಬರುವ ತನಕ ಖಾಲಿ ಮಾಡಿಸಬೇಡಿ. ತುಂಬಿದ್ದಾಗಲೇ ನೋಡಬೇಕು." ಆಮೇಲೆ ಪ್ರಶ್ನೆಗಳ ಮಳೆ. ಮನೆಯಲ್ಲಿ ಎಷ್ಟು ಜನ? ನೀರು ಕಟ್ಟುವುದು ಒಂದೇ ಬಚ್ಚಲಲ್ಲೋ, ಎಲ್ಲ ಕಡೆಯೋ? ಮಳೆ ಬಂದರೆ ಜಾಸ್ತಿ ಆಗುತ್ತಾ? ಸಿಂಕಿನ ಕೆಳಗೆ ತರಕಾರಿ ಸಿಪ್ಪೆ ಅರೆಯುವ ಮಷಿನ್ ಇದೆಯಾ? ಹಿತ್ತಲಲ್ಲಿ ಕಾರು ಓಡಾಡುತ್ತಾ? ಖಾಲಿ ಮಾಡಿಸಿದ ಮೇಲೆ ಎಷ್ಟು ದಿನ ಚೆನ್ನಾಗಿರುತ್ತೆ? ಕೊನೆಯ ಪ್ರಶ್ನೆಗೆ ನಾನು ಹತ್ತು ದಿನ ಅಂದೆ. "ಹಂಗಾದ್ರೆ ತೊಂದರೆ ಟ್ಯಾಂಕಿನಿಂದ ಆಚೆ" ಅಂದರು. ಫೋನಿನಲ್ಲೇ!

ಹೇಳಿದ ದಿನ ಬರಲಿಲ್ಲ. ಮಾರನೇ ದಿನ ಮಧ್ಯಾಹ್ನ ಬಂದರು, ಒಂದು ಫೋನ್ ಕೂಡ ಇಲ್ಲದೆ. ನಾನು ರಜೆ ಹಾಕಿ ಕೂತಿದ್ದೆ. ಕ್ಷಮಿಸಿ ಅನ್ನುವ ಮಾತು ಅವರ ಡಿಕ್ಷನರಿಯಲ್ಲಿ ಇದ್ದ ಹಾಗಿಲ್ಲ. ಕೋಪ ಬಂದಿತ್ತು, ಕೆಲಸ ನೋಡಿದ ಮೇಲೆ ಇಳಿಯಿತು.

ಮುಚ್ಚಳ ತೆಗೆದ ತಕ್ಷಣ ಪೈಪ್ ಇಳಿಸಲಿಲ್ಲ. ಟಾರ್ಚ್ ಹಾಕಿ, ಉದ್ದ ಕೋಲಿಗೆ ಕಟ್ಟಿದ ಕನ್ನಡಿ ಇಳಿಸಿ, ನೀರಿನ ಮಟ್ಟ ಎಲ್ಲಿದೆ ಅಂತ ನೋಡಿದರು. ಇದು ಇಡೀ ಕೆಲಸದಲ್ಲೇ ಮುಖ್ಯವಾದ ನೋಟವಂತೆ. ನೀರು ಹೊರಗಿನ ಪೈಪಿನ ತಳಕ್ಕೆ ಸರಿಯಾಗಿ ನಿಂತಿದ್ದು ಮನೆಯಲ್ಲಿ ಮಾತ್ರ ಕಟ್ಟುತ್ತಿದ್ದರೆ, ಅಡ್ಡಿ ಇರುವುದು ಮನೆಗೂ ಟ್ಯಾಂಕಿಗೂ ನಡುವೆ. ನೀರು ಪೈಪಿಗಿಂತ ಕೆಳಗಿದ್ದರೆ ಟ್ಯಾಂಕ್ ಎಲ್ಲೋ ಸೋರುತ್ತಿದೆ. ಮೇಲಿದ್ದರೆ ಆಚೆ ಹೋಗಲು ದಾರಿ ಇಲ್ಲದೆ ಹಿಂದಕ್ಕೆ ಒತ್ತುತ್ತಿದೆ. ನಮ್ಮದು 10 ಸೆಂ.ಮೀ. ಮೇಲಿತ್ತು. ಎರಡು ನಿಮಿಷದ ಕೆಲಸ. ಮೂರು ಸಲ ಬಂದವರು ಒಂದು ಸಲವೂ ನೋಡಿರಲಿಲ್ಲ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಹುಡುಗ ಇನ್ನೂ ಚೆನ್ನಾಗಿ ನೋಡೋಣ ಅಂತ ಮಂಡಿಯೂರಿ ತಲೆ ಬಗ್ಗಿಸಿದ. ಹಿರಿಯರು ಅವನ ಕಾಲರ್ ಹಿಡಿದು ಎಳೆದ ರಭಸಕ್ಕೆ ಅವನು ಹಿಂದಕ್ಕೆ ಕೂತೇಬಿಟ್ಟ. "ಕನ್ನಡಿ ಯಾಕೆ ತಂದಿದ್ದು?" ಅಷ್ಟೇ ಕೇಳಿದರು. ಒಳಗಿರುವ ಹೈಡ್ರೋಜನ್ ಸಲ್ಫೈಡ್ ಅನ್ನುವ ಅನಿಲ ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆ ವಾಸನೆ ಕೊಡುತ್ತದೆ, ಜಾಸ್ತಿಯಾದರೆ ಮೂಗನ್ನೇ ಸಾಯಿಸಿಬಿಡುತ್ತದೆ. ವಾಸನೆ ಹೋಯಿತು ಅಂದರೆ ಅಪಾಯ ಹೋಯಿತು ಅಂತ ಅಲ್ಲ, ಹತ್ತಿರ ಬಂತು ಅಂತ. ಒಬ್ಬರು ಒಳಗೆ ಬಿದ್ದು, ಅವರನ್ನು ಎತ್ತಲು ಇಳಿದವರೂ ಸಾಯುವುದು ಹೀಗೇ. ಮೀಥೇನ್ ಕೂಡ ಇರುತ್ತದೆ, ಬೆಂಕಿಕಡ್ಡಿ ಗೀರಿ ನೋಡುವ ಬುದ್ಧಿವಂತಿಕೆ ಬೇಡ. ಖಾಲಿ ಟ್ಯಾಂಕಿಗೂ ಯಾರೂ ಇಳಿಯಬಾರದು. ನಿಮ್ಮ ಕೆಲಸಕ್ಕೆ ಬಂದವರು ಸುಮ್ಮನೆ ಇಳಿಯಲು ಹೊರಟರೆ ಅಲ್ಲೇ ನಿಲ್ಲಿಸಿ ವಾಪಸ್ ಕಳಿಸಿ.

ಮುಂದೆ ಹೂಳು ಅಳೆದರು. ಅದಕ್ಕೊಂದು ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ಇದೆ, ತಳದಲ್ಲಿ ಕವಾಟ. ನೆಟ್ಟಗೆ ಇಳಿಸಿ ಮೇಲೆತ್ತಿದರೆ ಟ್ಯಾಂಕಿನೊಳಗಿನ ಪದರಗಳು ಹಾಗ್ಹಾಗೇ ಕೊಳವೆಯಲ್ಲಿ ನಿಂತು ಬರುತ್ತವೆ. ಮೇಲೆ ಕಂದು ಜಿಡ್ಡು, ಮಧ್ಯೆ ಮಬ್ಬು ನೀರು, ಕೆಳಗೆ ಕಪ್ಪು ಹೂಳು. ಹೂಳಿನ ಮೇಲ್ಭಾಗ ಹೊರಗಿನ ಪೈಪಿನ ಬಾಯಿಗೆ 30 ಸೆಂ.ಮೀ. ಹತ್ತಿರ ಬಂದಿದ್ದರೆ, ಇಲ್ಲವೇ ಜಿಡ್ಡಿನ ತಳ 15 ಸೆಂ.ಮೀ. ಹತ್ತಿರ ಇಳಿದಿದ್ದರೆ ಖಾಲಿ ಮಾಡಿಸುವ ಹೊತ್ತು ಬಂದಿದೆ ಅಂತ ಅರ್ಥ. ಸಾಮಾನ್ಯ ಮನೆಗೆ 3ರಿಂದ 5 ವರ್ಷಕ್ಕೊಮ್ಮೆ ಬರುವ ಹೊತ್ತು ಅದು, ಎರಡು ತಿಂಗಳಿಗೊಮ್ಮೆ ಅಲ್ಲ. ನಮ್ಮ ಟ್ಯಾಂಕಿನಲ್ಲಿ ಹೂಳು ತುಂಬಾ ಕಡಿಮೆ ಇತ್ತು. ಇರಲೇಬೇಕಲ್ಲ, ಮೂರು ಸಲ ಎಳೆಸಿದ್ದೇನೆ.

ಆದರೆ ಅವರು ಅಲ್ಲಿಗೆ ಬಿಡಲಿಲ್ಲ. ಕಬ್ಬಿಣದ ಸರಳು ಹಿಡಿದು ಮಣ್ಣು ಚುಚ್ಚುತ್ತಾ ಒಂದೂವರೆ ಮೀಟರ್ ಆಚೆ ಹೋದರು. ಟಣ್ ಅಂತು. ಅಗೆದರೆ ಇನ್ನೊಂದು ಚಪ್ಪಡಿ! ನಮ್ಮ ಟ್ಯಾಂಕಿಗೆ ಎರಡು ಕೋಣೆ ಇದೆ ಅಂತ ನನಗೇ ಗೊತ್ತಿರಲಿಲ್ಲ. ಲಾರಿಯವರು ಮೂರು ಸಲವೂ ಮೊದಲ ಕೋಣೆಯನ್ನಷ್ಟೇ ಎಳೆದಿದ್ದರು. ಎರಡನೇ ಕೋಣೆಯ ಹೂಳು ಹೊರಗಿನ ಪೈಪಿಗೆ ಒಂದು ಗೇಣಿನಷ್ಟು ಹತ್ತಿರ ಬಂದು ಕೂತಿತ್ತು. ಜಿಡ್ಡು ಆಚೆ ಹೋಗದ ಹಾಗೆ ತಡೆಯಲು ಪೈಪಿನ ಬಾಯಿಗೆ ಒಂದು ಕಾಂಕ್ರೀಟ್ ಅಡ್ಡಗೋಡೆ ಇರಬೇಕಿತ್ತು, ಅದು ಉದುರಿ ಬಿದ್ದಿತ್ತು. ಅದೇ ಹೈಡ್ರೋಜನ್ ಸಲ್ಫೈಡ್ ಒದ್ದೆ ಕಾಂಕ್ರೀಟಿನ ಮೇಲೆ ಗಂಧಕಾಮ್ಲವಾಗಿ ವರ್ಷಗಟ್ಟಲೆ ತಿನ್ನುತ್ತದಂತೆ. ಉಳಿದಿದ್ದ ತುಂಡನ್ನು ಕೋಲಿನಿಂದ ಮುಟ್ಟಿದರೆ ಒದ್ದೆ ಬಿಸ್ಕತ್ತಿನ ಹಾಗೆ ಕುಸಿಯಿತು.

1860ರ ಸುಮಾರಿಗೆ ಫ್ರಾನ್ಸ್‌ನಲ್ಲಿ ಮೂರಾ ಅನ್ನುವವನು ಮನೆಗೆ ಇಂಥ ಮುಚ್ಚಿದ ತೊಟ್ಟಿ ಕಟ್ಟಿಸಿ, ಸುಮಾರು ಹನ್ನೆರಡು ವರ್ಷ ಬಿಟ್ಟು ತೆಗೆದು ನೋಡಿದರೆ ಗಟ್ಟಿ ಪದಾರ್ಥವೇ ಅಷ್ಟಾಗಿ ಇರಲಿಲ್ಲ ಅಂತ ಹೇಳುತ್ತಾರೆ. 1881ರಲ್ಲಿ ಅದಕ್ಕೆ ಪೇಟೆಂಟೂ ಆಯಿತು. ನಮ್ಮ ಪಕ್ಕದ ಮನೆಯವರು ಈಗಲೂ ಇದನ್ನೇ ನಂಬಿದ್ದಾರೆ, "ನಮ್ಮದು ಇಪ್ಪತ್ತು ವರ್ಷದಿಂದ ಮುಟ್ಟೇ ಇಲ್ಲ" ಅಂತ ಹೆಮ್ಮೆ. ಇಪ್ಪತ್ತು ವರ್ಷ ಮುಟ್ಟದ ಟ್ಯಾಂಕಿನ ಹೂಳು ಎಲ್ಲೂ ಮಾಯವಾಗಿರುವುದಿಲ್ಲ, ಕಾಲುವೆಗೆ ಹೋಗಿರುತ್ತದೆ. ನಾನು ಹೇಳಲು ಹೋಗಲಿಲ್ಲ. ಹೇಳಿದರೆ ಕೇಳುವವರಲ್ಲ.

ಈಗ ಮನೆಯೊಳಗೆ ಬಂದರು. ಇದು ನಾನು ನಿರೀಕ್ಷೆ ಮಾಡಿರಲಿಲ್ಲ. ಕಮೋಡುಗಳ ಹಿಂದಿನ ಫ್ಲಶ್ ಟ್ಯಾಂಕ್ ತೆಗೆದು ಎರಡೆರಡು ಹನಿ ಬಣ್ಣ ಹಾಕಿ, ಯಾರೂ ಫ್ಲಶ್ ಮಾಡಬೇಡಿ ಅಂದು, ಹೊರಗೆ ಹೋಗಿ ನೀರು ಕುಡಿದು ಬಂದರು. ಕಾಲು ಗಂಟೆ ಬಿಟ್ಟು ನೋಡಿದರೆ ನೆಂಟರಿಗೆ ಅಂತ ಇರುವ ಬಾತ್‌ರೂಮಿನ ಕಮೋಡಿನ ನೀರು ನೀಲಿ. ತಳದ ರಬ್ಬರ್ ಮುಚ್ಚಳ ಗಟ್ಟಿಯಾಗಿ ಸರಿಯಾಗಿ ಕೂರುತ್ತಿರಲಿಲ್ಲ. ಶಬ್ದ ಇಲ್ಲ, ಹರಿಯುವುದು ಕಣ್ಣಿಗೆ ಕಾಣುವುದೂ ಇಲ್ಲ. ಆ ರಾತ್ರಿ ಎಲ್ಲ ನಲ್ಲಿ ನಿಲ್ಲಿಸಿ ಮೀಟರ್ ನೋಡಿದೆ. ಗಂಟೆಗೆ 14 ಲೀಟರ್. ದಿನಕ್ಕೆ 336. ಅಂದರೆ ಮನೆಗೆ ಇನ್ನೂ ಮೂರು ಜನ ಬಂದು, ಹಗಲೂ ರಾತ್ರಿ ನಮ್ಮ ಕಾಲುವೆಗಳಿಗೆ ನೀರು ಸುರಿಯುತ್ತಿದ್ದ ಹಾಗೆ. ನನ್ನ ಏಳು ದಿನದ ಲೆಕ್ಕ ನಾಲ್ಕೂವರೆ ದಿನಕ್ಕೆ ಇಳಿಯಿತು. ಹೊಸ ಡ್ರೈನ್ ಫೀಲ್ಡ್ ಮಾಡಿಸಿದ್ದರೂ ಈ ಸೋರಿಕೆ ಹಾಗೇ ಇರುತ್ತಿತ್ತು ಅಲ್ವಾ, ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಮುಚ್ಚಳ ಬದಲಿಸಲು ಹತ್ತು ನಿಮಿಷ ಸಾಕಾಯಿತು.

ಎರಡನೇ ದಿನ ಅಗೆತ. ಟ್ಯಾಂಕಿನಿಂದ ಹೊರಟ ನೀರು ನೇರ ಕಾಲುವೆಗೆ ಹೋಗುವುದಿಲ್ಲ, ಮಧ್ಯೆ ಒಂದು ಹಂಚುವ ಡಬ್ಬಿ ಇರುತ್ತದೆ. ಒಂದು ಪೈಪ್ ಒಳಗೆ, ನಮ್ಮಲ್ಲಿ ಮೂರು ಪೈಪ್ ಹೊರಗೆ, ಮೂರು ಕಾಲುವೆಗೆ ಸಮವಾಗಿ ಹೋಗಬೇಕು. ಹಿರಿಯರು ಡಬ್ಬಿಯ ಮೇಲಿನ ಮಣ್ಣು ತೆಗೆದು, ಮುಚ್ಚಳ ಸರಿಸುವ ಮೊದಲೇ ರಸಮಟ್ಟ ಇಟ್ಟರು. ಗುಳ್ಳೆ ಪೂರ್ತಿ ಒಂದು ಕಡೆಗೆ ಓಡಿತು. ನನ್ನನ್ನು ಕರೆದು ತೋರಿಸಿದರು, ಏನೂ ಹೇಳಲಿಲ್ಲ. ಡಬ್ಬಿ ಒಂದನೇ ಕಾಲುವೆ ಕಡೆಗೆ ವಾಲಿತ್ತು. ಮುಚ್ಚಳ ತೆಗೆದರೆ ಒಳಗೆ ಬೇರು. ಬೇಲಿ ಪಕ್ಕದ ಮರದ ಬೇರು ಸಂದಿಯಲ್ಲಿ ಕೂದಲಿನಷ್ಟು ತೆಳ್ಳಗೆ ನುಗ್ಗಿ, ಒಳಗೆ ಬಂದ ಮೇಲೆ ತೆಂಗಿನ ನಾರಿನ ಹಾಗೆ ಹರಡಿ, ಎರಡನೇ ಮೂರನೇ ಪೈಪಿನ ಬಾಯನ್ನು ಜಡೆ ಹೆಣೆದ ಹಾಗೆ ಮುಚ್ಚಿತ್ತು. ಉದುರಿದ ಅಡ್ಡಗೋಡೆ ದಾಟಿ ಬಂದ ಜಿಡ್ಡೆಲ್ಲ ಆ ನಾರಿಗೆ ಮೆತ್ತಿಕೊಂಡಿತ್ತು. ಅಂದರೆ ಇಡೀ ಮನೆಯ ನೀರು, ಜೊತೆಗೆ ಆ ಸೋರಿಕೆ, ಎಷ್ಟು ಕಾಲದಿಂದಲೋ ಒಂದೇ ಕಾಲುವೆಗೆ ಹೋಗುತ್ತಿತ್ತು. ಅಮ್ಮನ ಹಸಿರು ಪಟ್ಟಿ ಸರಿಯಾಗಿ ಅದರ ಮೇಲೇ.

ಈಗ ಮುಖ್ಯ ಪ್ರಶ್ನೆ, ಫೀಲ್ಡ್ ಸತ್ತಿದೆಯೋ ಇಲ್ಲವೋ. ಮೂರೂ ಕಾಲುವೆಗಳ ತುದಿಯಲ್ಲಿ ಒಂದೊಂದು ಸಣ್ಣ ಗುಂಡಿ ತೋಡಿದರು. ಒಂದನೆಯದರಲ್ಲಿ ಪೈಪಿನವರೆಗೂ ನೀರು. ಎರಡನೆಯದರ ಜಲ್ಲಿ ಬರೀ ತೇವ. ಮೂರನೆಯದರ ಜಲ್ಲಿ ನಿನ್ನೆ ತಂದು ಸುರಿದ ಹಾಗೆ, ಒಣಗಿ ಬೆಳ್ಳಗಿತ್ತು. ಇಷ್ಟು ವರ್ಷ ಅದಕ್ಕೆ ನೀರೇ ತಲುಪಿಲ್ಲ!

ಹುಡುಗ ಒಂದನೇ ಗುಂಡಿಯ ನೀರು ಖಾಲಿ ಮಾಡಿದ ಮೇಲೆ ಹಿರಿಯರು ಕರಣೆ ಹಾಕಿ ಜಲ್ಲಿಯ ಅಡಿಯಿಂದ ಒಂದು ಹೆಂಟೆ ಮಣ್ಣು ಕಿತ್ತು ನೆಲದ ಮೇಲಿಟ್ಟರು. ಅದರ ಮೇಲೆ ಬೆರಳಗಲ ದಪ್ಪದ ಕಪ್ಪು ಲೋಳೆ. ಕಾಡಿಗೆಯ ಹಾಗೆ ಹೊಳೆಯುತ್ತಿತ್ತು. ಮೂರನೇ ಗುಂಡಿಯಿಂದ ಇನ್ನೊಂದು ಹೆಂಟೆ ತಂದು ಪಕ್ಕದಲ್ಲಿಟ್ಟು, ಎರಡರಲ್ಲೂ ಬೆರಳಿನಿಂದ ಒಂದೊಂದು ಕುಳಿ ಮಾಡಿ ಸ್ವಲ್ಪ ನೀರು ಬಿಟ್ಟರು. ಒಳ್ಳೆ ಮಣ್ಣು ನಾವು ನೋಡುತ್ತಿದ್ದ ಹಾಗೇ ಕುಡಿದು ಮುಗಿಸಿತು. ಲೋಳೆ ಮೇಲಿನ ನೀರು ಅಲ್ಲೇ ಕೂತಿತ್ತು, ಅವರು ಕೈ ತೊಳೆದು ಬಂದ ಮೇಲೂ. ನಾನು ಎಷ್ಟೋ ವಿಡಿಯೋ ನೋಡಿದ್ದೆ, ಬಯೋಮ್ಯಾಟ್ ಅನ್ನುವ ಈ ಲೋಳೆ ಅಂದರೆ ಏನು ಅಂತ ಅರ್ಥವಾಗಿದ್ದು ಆ ಎರಡು ಹೆಂಟೆ ನೋಡಿದಾಗ.

ಈ ಲೋಳೆ ಕೆಟ್ಟದ್ದೇನೂ ಅಲ್ಲ, ಎಲ್ಲ ಫೀಲ್ಡಿನಲ್ಲೂ ಸ್ವಲ್ಪ ಇರಲೇಬೇಕು. ಗಾಳಿ ಇಲ್ಲದ ಕಡೆ ಬೆಳೆಯುವ ಸೂಕ್ಷ್ಮಜೀವಿಗಳ ಪದರ ಅದು, ನೀರು ಸೋಸುವುದೂ ಅದೇ. ದಿನಾ ನೀರಲ್ಲೇ ಮುಳುಗಿ, ಮೇಲಿಂದ ಜಿಡ್ಡೂ ಬರುತ್ತಿದ್ದರೆ ದಪ್ಪವಾಗಿ ನೀರನ್ನೇ ತಡೆಯುತ್ತದೆ. ನೀರು ನಿಲ್ಲಿಸಿ ಒಣಗಲು ಬಿಟ್ಟರೆ ಮಣ್ಣಿಗೆ ಗಾಳಿ ಸಿಗುತ್ತದೆ, ಆಗ ಗಾಳಿಯಲ್ಲಿ ಬದುಕುವ ಜೀವಿಗಳು ಬಂದು ಅದನ್ನೇ ತಿಂದು ತೆಳ್ಳಗೆ ಮಾಡುತ್ತವೆ. ವಾರದ ಮಾತಲ್ಲ, ತಿಂಗಳುಗಟ್ಟಲೆ, ಕೆಲವೊಮ್ಮೆ ಒಂದು ವರ್ಷ.

ಹಾಗಾಗಿ ಅವರು ಮಾಡಿದ ರಿಪೇರಿ ಕೇಳಿದರೆ ಇಷ್ಟೇನಾ ಅನಿಸುತ್ತದೆ. ಎರಡೂ ಕೋಣೆ ಖಾಲಿ ಮಾಡಿಸಿದರು. ಆಗ ಹೊರಗಿನ ಪೈಪಿನಿಂದ ನೀರು ತಿರುಗಿ ಟ್ಯಾಂಕಿಗೇ ಧುಮುಕುತ್ತಿತ್ತು, ಕಾಲುವೆ ಎಷ್ಟು ತುಂಬಿತ್ತು ಅಂತ ಅದೇ ಹೇಳಿತು. ಕಾಂಕ್ರೀಟ್ ಅಡ್ಡಗೋಡೆ ಜಾಗಕ್ಕೆ T ಆಕಾರದ ಪಿವಿಸಿ ಪೈಪ್, ಅದರೊಳಗೆ ಒಂದು ಫಿಲ್ಟರ್. ವಾಲಿದ ಡಬ್ಬಿ ಕಿತ್ತು ಪ್ಲಾಸ್ಟಿಕ್ಕಿನದು ಕೂರಿಸಿ, ಕೆಳಗೆ ಜಲ್ಲಿ ದಮ್ಮಸು ಮಾಡಿ, ನಾಲ್ಕೂ ಕಡೆ ರಸಮಟ್ಟ ಇಟ್ಟು, ಸಂದಿಗಳಿಗೆ ರಬ್ಬರ್ ಸೀಲ್. ಬೇರು ಕಡಿದರು. ಒಂದನೇ ಕಾಲುವೆಯ ಬಾಯಿಗೆ ಮುಚ್ಚಳ ಹಾಕಿ ಅದಕ್ಕೆ ರಜೆ ಕೊಟ್ಟರು. ಸೋರಿಕೆ ನಿಂತಿದೆಯಲ್ಲ, ಉಳಿದ ಎರಡು ಕಾಲುವೆ ನಿಮ್ಮ ಐದು ಜನಕ್ಕೆ ಸದ್ಯಕ್ಕೆ ಸಾಕು ಅಂದರು. ಮೂರೂ ಕಾಲುವೆ ತುದಿಯಲ್ಲಿ ನೆಟ್ಟಗೆ ಒಂದೊಂದು ಪೈಪ್ ನಿಲ್ಲಿಸಿದರು, ಕೋಲು ಇಳಿಸಿ ನೀರು ಎಷ್ಟಿದೆ ನೋಡಲು. ಟ್ಯಾಂಕಿನ ಎರಡೂ ಬಾಯಿಗೆ ನೆಲದ ಮಟ್ಟದವರೆಗೆ ಕೊರಳು ಕಟ್ಟಿ ಗಟ್ಟಿ ಮುಚ್ಚಳ ಹಾಕಿದರು. ಇನ್ನು ಮುಂದೆ ಯಾವ ಲಾರಿಯವರೂ ಎರಡನೇ ಕೋಣೆ ಕಾಣಲಿಲ್ಲ ಅನ್ನುವ ಹಾಗಿಲ್ಲ.

ಮಾಡದೇ ಇದ್ದಿದ್ದನ್ನೂ ಹೇಳಬೇಕು, ನನ್ನ ಪ್ರಕಾರ ನಕ್ಷತ್ರ ಕೊಡುವುದು ಅದಕ್ಕೇ. ಪುಡಿ ಮಾರಲಿಲ್ಲ. ನಾನು ಉಳಿದಿದ್ದ ಪೊಟ್ಟಣ ತೋರಿಸಿದರೆ ನಕ್ಕು, ಹೊಟ್ಟೆಯಿಂದ ಬರುವ ಬ್ಯಾಕ್ಟೀರಿಯಾ ದಿನಾ ಧಾರಾಳ ಬರುತ್ತಿದೆ, ಇದು ಬೇರೆ ಯಾಕೆ ಅಂದರು. ನೆಲದೊಳಗೆ ಒತ್ತಡದ ಗಾಳಿ ಬಿಟ್ಟು ಮಣ್ಣು ಸಡಿಲ ಮಾಡುವ ಮಷಿನ್ ಬಗ್ಗೆ ಕೇಳಿದೆ, ಮೊದಲು ರಜೆ ಕೊಟ್ಟು ನೋಡಿ, ಆಗದಿದ್ದರೆ ಯೋಚಿಸೋಣ ಅಂದರು. ಹೈಡ್ರೋಜನ್ ಪೆರಾಕ್ಸೈಡ್ ಸುರಿದರೆ ಲೋಳೆ ಸುಟ್ಟು ಹೋಗುತ್ತದಂತಲ್ಲ ಅಂದೆ. ಮಣ್ಣಿನ ರಚನೆಯೇ ಹಾಳಾಗುತ್ತೆ, ಆಮೇಲೆ ನೀರು ಇನ್ನೂ ಕಡಿಮೆ ಇಂಗುತ್ತೆ ಅಂತ ಒಂದೇ ಮಾತಲ್ಲಿ ಮುಗಿಸಿದರು. ಪೂರ್ತಿ ಹೊಸ ಫೀಲ್ಡ್ ಮಾಡಿದ್ದರೆ ಅವರಿಗೆ ಎಷ್ಟೋ ಪಟ್ಟು ದೊಡ್ಡ ಕೆಲಸ ಸಿಗುತ್ತಿತ್ತು. ಮಾಡಲಿಲ್ಲ.

ಹಾಗಂತ ಎಲ್ಲರಿಗೂ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ಹೊರಡುವ ಮೊದಲು ತಿರುಗಿಸಿ ಮಣ್ಣು ಕೊರೆಯುವ ಸಲಕರಣೆಯಿಂದ ಕಾಲುವೆ ಪಕ್ಕ ಆಳಕ್ಕೆ ಕೊರೆದು, ಬಂದ ಮಣ್ಣನ್ನು ಸಾಲಾಗಿ ಇಟ್ಟು ಬಣ್ಣ ನೋಡಿದರು. ಬೂದು ಮಚ್ಚೆ, ತುಕ್ಕಿನ ಚುಕ್ಕೆ ಇದ್ದರೆ ಮಳೆಗಾಲದಲ್ಲಿ ಅಂತರ್ಜಲ ಅಲ್ಲಿವರೆಗೆ ಏರುತ್ತದೆ ಅಂತ ಅರ್ಥ. ಕಾಲುವೆ ತಳದಿಂದ ಕೆಳಗೆ ಕನಿಷ್ಠ 60ರಿಂದ 90 ಸೆಂ.ಮೀ. ನೀರು ನಿಲ್ಲದ ಮಣ್ಣು ಇರಬೇಕು, ಇಲ್ಲದಿದ್ದರೆ ಎಷ್ಟು ರಜೆ ಕೊಟ್ಟರೂ ಪ್ರಯೋಜನವಿಲ್ಲ, ಫೀಲ್ಡನ್ನೇ ಎತ್ತರಿಸಿ ಕಟ್ಟಬೇಕಾಗುತ್ತದೆ. ನಮ್ಮ ಮಣ್ಣು ಮೇಲಿಂದ ಕೆಳಗೆ ಒಂದೇ ಕಂದು. ಅದೃಷ್ಟ. ಮೇಲ್ಛಾವಣಿಯ ನೀರು ಮಾತ್ರ ಆ ಕಡೆಗೇ ಇಳಿಯುತ್ತಿತ್ತು, ಅದನ್ನು ಬೇರೆ ಕಡೆಗೆ ತಿರುಗಿಸಿದ್ದೇವೆ. ಬಟ್ಟೆಯನ್ನೂ ಭಾನುವಾರ ಒಟ್ಟಿಗೆ ಒಗೆಯದೆ ವಾರಕ್ಕೆಲ್ಲ ಹಂಚಿಕೊಂಡಿದ್ದೇವೆ.

ಈಗ ಬೈಗುಳ. ತಡ ಮಾಡಿದ್ದನ್ನು ಹೇಳಿದೆ. ಅಗೆದ ಮಣ್ಣನ್ನು ಸುಮ್ನೆ ತುಂಬಿ ಹೋದರು, ಎರಡು ಮಳೆಗೆ ಅದು ಕುಸಿದು ತಗ್ಗಾಯಿತು. ಕಾಲುವೆ ಮೇಲೆ ಮಳೆನೀರು ನಿಲ್ಲಬಾರದು ಅಂತ ಪಾಠ ಮಾಡಿದವರೇ ಹೀಗೆ ಮಾಡಿದರೆ? ನಾನೇ ಮಣ್ಣು ತಂದು ದಿಬ್ಬ ಮಾಡಿದೆ. ಯಾವುದು ಎಲ್ಲಿದೆ ಅನ್ನುವ ನಕ್ಷೆ ಕೊಡುತ್ತೇನೆ ಅಂದವರು, ಮೂರು ಸಲ ಕೇಳಿದ ಮೇಲೆ ಒಂದು ಹಾಳೆಯಲ್ಲಿ ಪೆನ್ಸಿಲ್ಲಿನಲ್ಲಿ ಗೀಚಿ ಫೋಟೋ ಕಳಿಸಿದರು. ಅಳತೆಗಳು ಸರಿ ಇವೆ, ಅಕ್ಷರ ಮಾತ್ರ ಡಾಕ್ಟರದ್ದು.

ಇವೆಲ್ಲ ಹೋಗಲಿ. ದೊಡ್ಡ ತಪ್ಪು ಬೇರೆ ಇದೆ. ಫಿಲ್ಟರ್ ಹಾಕಿದವರು ಅದನ್ನು ತೊಳೆಯಬೇಕು ಅಂತ ಹೇಳಲೇ ಇಲ್ಲ. ನಾಲ್ಕು ತಿಂಗಳು ಚೆನ್ನಾಗಿತ್ತು, ಒಂದು ರಾತ್ರಿ ಮತ್ತೆ ಅದೇ ಗುಳುಗುಳು. ನನಗೆ ನಿದ್ದೆ ಬರಲಿಲ್ಲ, ಎಲ್ಲ ದುಡ್ಡು ನೀರಲ್ಲಿ ಹೋಯಿತು ಅಂತ. ಬೆಳಿಗ್ಗೆ ಫೋನ್ ಮಾಡಿದರೆ "ಫಿಲ್ಟರ್ ಕಟ್ಟಿರುತ್ತೆ, ತೊಳೀರಿ" ಅಂತ ಏನೂ ಆಗಿಲ್ಲದ ಹಾಗೆ ಹೇಳಿದರು. ಫಿಲ್ಟರ್ ಕಟ್ಟಿಕೊಳ್ಳುವುದು ಒಳ್ಳೆಯದೇ ಅಂತೆ, ಕಾಲುವೆಗೆ ಹೋಗಬೇಕಿದ್ದ ಕಸ ಅಲ್ಲಿ ನಿಂತಿದೆ ಅಂತ ಅರ್ಥ. ಸರಿ, ಒಪ್ಪಿದೆ, ಮೊದಲೇ ಹೇಳಬಾರದಿತ್ತಾ? ಕೈಗವಸು ಹಾಕಿ, ಹಿಡಿ ಹಿಡಿದು ಎಳೆದು, ಮೊದಲ ಕೋಣೆಯ ಬಾಯಿಯ ಮೇಲೆ ಹಿಡಿದು ಪೈಪಿನ ನೀರಲ್ಲಿ ತೊಳೆದೆ. ಆ ಕಸದಲ್ಲಿ ವಾಷಿಂಗ್ ಮಷಿನ್ನಿನ ನೂಲು, ಒರೆಸುವ ಒದ್ದೆ ಕಾಗದದ ತುಂಡುಗಳು. ಪೊಟ್ಟಣದ ಮೇಲೆ ಫ್ಲಶ್ ಮಾಡಬಹುದು ಅಂತ ಬರೆದಿದ್ದ ಕಾಗದ ಅದು, ನಾಲ್ಕು ತಿಂಗಳಾದರೂ ಎಳೆದರೆ ಹರಿಯುತ್ತಿರಲಿಲ್ಲ. ಆವತ್ತಿನಿಂದ ನಮ್ಮ ಮನೆಯಲ್ಲಿ ಅದು ಬಂದ್. ಈಗ ಆರು ತಿಂಗಳಿಗೊಮ್ಮೆ ಫಿಲ್ಟರ್ ತೊಳೆಯುತ್ತೇನೆ, ಕಾಲು ಗಂಟೆ ಕೆಲಸ. ಕಡಿಮೆಯಾದ ಒಂದು ನಕ್ಷತ್ರ ಆ ಒಂದು ರಾತ್ರಿಯದು.

ರಿಪೇರಿ ಆಗಿ ಹದಿನಾಲ್ಕು ತಿಂಗಳಾಯಿತು. ಬಚ್ಚಲು ಮೌನವಾಗಿದೆ. ತಿಂಗಳಿಗೊಮ್ಮೆ ಕೋಲು ತಗೊಂಡು ಹಿತ್ತಲಿಗೆ ಹೋಗಿ ಮೂರೂ ಪೈಪಿಗೆ ಇಳಿಸಿ, ಒದ್ದೆಯಾದಷ್ಟನ್ನು ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ, ಮನೆಯವರೆಲ್ಲ ನಗುತ್ತಾರೆ. ಎರಡನೆಯದರಲ್ಲಿ 3 ಸೆಂ.ಮೀ., ಮೂರನೆಯದರಲ್ಲೂ ಅಷ್ಟೇ. ರಜೆಯಲ್ಲಿರುವ ಒಂದನೆಯದರಲ್ಲಿ ಶುರುವಿನಲ್ಲಿ 28 ಇತ್ತು, ಅರ್ಧ ವರ್ಷಕ್ಕೆ 11 ಆಯಿತು, ಕಳೆದ ತಿಂಗಳು ಕೋಲು ಒಣಗಿದ ಹಾಗೇ ಮೇಲೆ ಬಂತು. ಫೋನ್ ಮಾಡಿ ಹೇಳಿದೆ. ಮುಚ್ಚಳ ತೆಗೆಯಲು ಮಂಗಳವಾರ ಬರುತ್ತೇನೆ ಅಂದಿದ್ದಾರೆ, ಅಂದರೆ ಬುಧವಾರ. ಹಸಿರು ಪಟ್ಟಿ ಒಣಗಿದೆ, ಅಮ್ಮನಿಗೆ ಅದೊಂದೇ ಬೇಜಾರು.